ಕಿಕ್ಕಿಸ: ಬಸಿರಿನ ಗೆರೆಗಳ ಚಿಕಿತ್ಸೆಯನ್ನು ಕುರಿತು ಒಂದು ಚಾರಿತ್ರಿಕ ವಿಚಾರ
(ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗೆ ಅನ್ವಯಿಸಿ)

ಬಸಿರು ಬೆಳೆದಂತೆ ಹೊಟ್ಟೆಯ ಕೆಳಭಾಗದಲ್ಲಿಯೂ ಸ್ತನ ಮತ್ತು ತೊಡೆಗಳ ಮೇಲೆಯೂ ಮೂಡುವ ಗೆರೆಗಳು ಚರಿತ್ರೆಯ ವಿದ್ಯಾರ್ಥಿಗೆ ಸಲ್ಲುವ ವಿಷಯವಲ್ಲವೆಂದು ಮೊದಲ ನೋಟಕ್ಕೆ ತೋರಬಹುದು. ನಮ್ಮ ಶಾಸನಗಳೂ ಕೈಫಿಯತ್ತುಗಳೂ ದಾನವನ್ನು ಹೇಳುತ್ತವೆ, ಯುದ್ಧವನ್ನು ಹೇಳುತ್ತವೆ, ವಂಶಾವಳಿಯನ್ನು ಹೇಳುತ್ತವೆ. ಆ ವಂಶವನ್ನು ಹೆತ್ತವಳ ಮೈಯ ಸಂಗತಿಯನ್ನು ಹೇಳುವ ಗೋಜಿಗೆ ಹೋಗುವುದಿಲ್ಲ. ಆದರೆ ವೈದ್ಯಗ್ರಂಥ, ಹೊಲದ ಬೆಳೆ, ಅರಣ್ಯದ ಕಾನೂನು, ಔಷಧದ ಅಂಗಡಿ ಇವೆಲ್ಲವೂ ಚರಿತ್ರೆಯ ಆಕರಗಳೇ ಆಗಿರುವುದರಿಂದ, ಈ ಗೆರೆಗಳಿಗೆ ಯಾವ ಕಾಲದಲ್ಲಿ ಯಾರು ಏನು ಉಪಚಾರ ಮಾಡಿದರು, ಅದರಿಂದ ಏನಾಯಿತು ಎಂಬುದನ್ನು ವಿಚಾರಿಸುವುದು ಅನುಚಿತವಾಗಲಾರದು. ಹಾಗೆ ವಿಚಾರಿಸಿದಾಗ ಕಂಡುಬರುವ ಮುಖ್ಯಾಂಶವನ್ನು ಮೊದಲಲ್ಲಿಯೇ ಹೇಳಿಬಿಡುವುದು ಲೇಸು. ಗೆರೆಗಳನ್ನು ಪೂರ್ತಿಯಾಗಿ ಅಳಿಸಿಹಾಕುವ ಔಷಧ ಹಿಂದೆ ಇರಲಿಲ್ಲ, ಇಂದಿಗೂ ಇಲ್ಲ. ಪೂರ್ವಿಕರ ಉಪಚಾರದ ಬೆಲೆ ಇದ್ದುದು ತುರಿಕೆಯನ್ನು ತಡೆಯುವುದರಲ್ಲಿ. ಇಂದು ಅದೇ ತುರಿಕೆಗೆಂದು ಅಂಗಡಿಯಿಂದ ತರುವ ಮುಲಾಮುಗಳಲ್ಲಿ ಕೆಲವು ತಾವೇ ಇಂಥ ಗೆರೆಗಳನ್ನು ಹುಟ್ಟಿಸಬಲ್ಲವು.

ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗರ್ಭಿಣಿಯ ತಿಂಗಳು ತಿಂಗಳ ಪರಿಚರ್ಯೆಯನ್ನು ಹೇಳುವಾಗ ಏಳನೆಯ ತಿಂಗಳ ಪ್ರಸ್ತಾಪದಲ್ಲಿ ‘ಕಿಕ್ಕಿಸ’ವೆಂಬ ಮಾತು ಬರುತ್ತದೆ. ಅಲ್ಲಿಯ ನಿರೂಪಣೆ ಕುತೂಹಲಕಾರಿಯಾಗಿದೆ. ಏಳನೆಯ ತಿಂಗಳಲ್ಲಿ ಮಗುವಿನ ಕೂದಲು ಹುಟ್ಟುವುದರಿಂದ ತಾಯಿಗೆ ಉರಿಯುಂಟಾಗುತ್ತದೆಂದು ಹೆಂಗಸರು ಹೇಳುತ್ತಾರೆ. ಅದು ಹಾಗಲ್ಲವೆಂದು ಆತ್ರೇಯನು ಹೇಳುತ್ತಾನೆ. ಬೆಳೆದ ಗರ್ಭವು ಒತ್ತುವುದರಿಂದ ವಾತ, ಪಿತ್ತ, ಕಫಗಳು ಎದೆಯನ್ನು ಸೇರಿ ಉರಿಯನ್ನುಂಟುಮಾಡುತ್ತವೆ; ಉರಿಯಿಂದ ತುರಿಕೆ; ತುರಿಕೆಯಿಂದ ಕಿಕ್ಕಿಸ. ಗ್ರಂಥಕಾರನು ಒಪ್ಪದೆ ಬಿಟ್ಟರೂ ಹೆಂಗಸರ ಅಭಿಪ್ರಾಯವನ್ನು ದಾಖಲೆ ಮಾಡಿದ್ದಾನೆ ಎಂಬುದನ್ನು ಚರಿತ್ರೆಯ ದೃಷ್ಟಿಯಿಂದ ಗಮನಿಸತಕ್ಕದ್ದು. ಎದೆಯುರಿ ಹೆಚ್ಚಾದರೆ ಮಗುವಿಗೆ ಕೂದಲು ದಟ್ಟವಾಗಿರುತ್ತದೆಂಬ ನಂಬಿಕೆ ಪ್ರಪಂಚದ ನಾನಾ ಕಡೆಗಳಲ್ಲಿ ಇಂದಿಗೂ ಉಂಟು. ಅಮೆರಿಕದಲ್ಲಿ 64 ಗರ್ಭಿಣಿಯರನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವು ಈ ಎರಡಕ್ಕೂ ಏನೋ ಸಂಬಂಧವಿರುವಂತೆ ಕಾಣುತ್ತದೆಂದು ಹೇಳಿದೆ. ಸಣ್ಣ ಅಧ್ಯಯನವೇ ಸರಿ. ಆದರೂ ಆತ್ರೇಯನು ಅಷ್ಟು ಅವಸರದಿಂದ ಹೆಂಗಸರ ಮಾತನ್ನು ತಳ್ಳಿಹಾಕಬೇಕಾಗಿರಲಿಲ್ಲವೆಂದು ತೋರುತ್ತದೆ.

ಇನ್ನು ಚಿಕಿತ್ಸೆಯ ಭಾಗ. ಎಲಚಿಯ ನೀರಿನೊಡನೆ, ಮಧುರ ದ್ರವ್ಯಗಳಲ್ಲಿ ಪಕ್ವಮಾಡಿದ ಬೆಣ್ಣೆಯನ್ನು ಅಂಗೈಯಲ್ಲಿ ಹಿಡಿಯುವಷ್ಟು ಪ್ರಮಾಣದಲ್ಲಿ ಆಗಾಗ್ಗೆ ಕುಡಿಸತಕ್ಕದ್ದು. ಸ್ತನ ಮತ್ತು ಹೊಟ್ಟೆಗೆ ಚಂದನವನ್ನೂ ತಾವರೆಯ ದಂಟನ್ನೂ ಅರೆದು ಹಚ್ಚತಕ್ಕದ್ದು. ಅದಿಲ್ಲವಾದರೆ ಬಾಗೆ, ಧಾತಕಿ, ಸಾಸಿವೆ, ಜ್ಯೇಷ್ಠಮಧುಗಳ ಪುಡಿ. ಇಲ್ಲವೇ ಕುಟಜ, ಅರ್ಜಕದ ಬೀಜ, ತುಂಗೆಗಡ್ಡೆ, ಅರಿಶಿನಗಳ ಕಲ್ಕ. ಇಲ್ಲವೇ ಬೇವು, ಎಲಚಿ, ತುಳಸಿ, ಮಂಜಿಷ್ಠಗಳ ಕಲ್ಕ. ಜಿಂಕೆ ಮೊಲಗಳ ರಕ್ತವನ್ನು ತ್ರಿಫಲದೊಡನೆ ಕೂಡಿಸಿ ಹಚ್ಚುವ ಒಂದು ವಿಧಾನವನ್ನೂ ಹೇಳಿದೆ. 1972ರ ವನ್ಯಜೀವಿ ಸಂರಕ್ಷಣಾ ಶಾಸನದ ತರುವಾಯ ಅದನ್ನು ಪ್ರಯೋಗಿಸಹೊರಟವರು ವೈದ್ಯನಿಗಿಂತ ಮೊದಲು ವಕೀಲನನ್ನು ಕಾಣಬೇಕಾದೀತು. ಕಣಿಗಿಲೆಯ ಎಲೆ ಹಾಕಿ ಕಾಯಿಸಿದ ಎಣ್ಣೆಯಿಂದ ಮೈತಿಕ್ಕುವುದು, ಜಾಜಿ ಮತ್ತು ಜ್ಯೇಷ್ಠಮಧುಗಳ ನೀರನ್ನು ಸುರಿಯುವುದು ಇವೂ ಉಂಟು. ಕಣಿಗಿಲೆಯು ಹೃದಯವನ್ನು ನಿಲ್ಲಿಸಬಲ್ಲ ವಿಷದ ಗಿಡವಾದುದರಿಂದ ಇದನ್ನು ಮನೆಯಲ್ಲಿ ಯಾರೂ ಪರೀಕ್ಷಿಸಬಾರದು.

ಈ ಪಟ್ಟಿಯ ಕೊನೆಯಲ್ಲಿ ಬರುವ ಮಾತು ಎಲ್ಲಕ್ಕಿಂತ ಮುಖ್ಯವಾದುದೆಂದು ಪ್ರಕೃತ ಲೇಖಕಿಯ ಅಭಿಪ್ರಾಯ. ತುರಿಕೆಯುಂಟಾದಾಗ ಕೆರೆಯಬಾರದು; ಕೆರೆದರೆ ಚರ್ಮವು ಸೀಳಿ ವಿರೂಪವಾಗುತ್ತದೆ. ಸಹಿಸಲು ಅಸಾಧ್ಯವಾದರೆ ಉಗುರು ಹಾಕದೆ ಕೈಯಿಂದ ಉಜ್ಜಿ ಸಮಾಧಾನಪಡಿಸಿಕೊಳ್ಳಬೇಕು. ಆಹಾರವು ಸಿಹಿಯಾಗಿಯೂ ಹಗುರವಾಗಿಯೂ ಇರಬೇಕು. ಜಿಡ್ಡು ಮತ್ತು ಉಪ್ಪು ಅಲ್ಪವಾಗಿರಬೇಕು. ಇಲ್ಲಿ ಎರಡು ಸಂಗತಿಗಳು ವ್ಯಕ್ತವಾಗುತ್ತವೆ. ಹೊಟ್ಟೆಯ ಮೇಲಿನ ಗೆರೆಯನ್ನು ವಿರೂಪವೆಂದು ಭಾವಿಸುವುದು ಇಂದಿನ ಜಾಹೀರಾತುಗಳ ಸೃಷ್ಟಿಯಷ್ಟೇ ಅಲ್ಲ. ಆ ಕಳವಳ ಬಹು ಹಳೆಯದು. ಎರಡನೆಯದಾಗಿ, ಗ್ರಂಥಕಾರನ ಚಿಕಿತ್ಸೆಯೆಲ್ಲವೂ ಉರಿ ಮತ್ತು ತುರಿಕೆಗಳ ಮೇಲೆ ದೃಷ್ಟಿಯಿಟ್ಟಿದೆ. ಮೂಡಿದ ಗೆರೆಯನ್ನು ಆಮೇಲೆ ಮಾಯಮಾಡುವ ಭರವಸೆಯನ್ನು ಈ ಭಾಗದಲ್ಲಿ ಅವನು ಕೊಟ್ಟಿಲ್ಲ.

ಇಂದಿನ ಚರ್ಮವೈದ್ಯರು ಬಲ್ಲ ಒಂದು ವ್ಯಾಧಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಬಹುಮಟ್ಟಿಗೆ ಚೊಚ್ಚಲ ಬಸಿರಿನ ಕೊನೆಯ ತಿಂಗಳುಗಳಲ್ಲಿ, ಹೊಟ್ಟೆಯ ಗೆರೆಗಳ ಮೇಲೆಯೇ ಮೊದಲು ಕೆಂಪು ಗುಳ್ಳೆಗಳೆದ್ದು, ಹೊಕ್ಕುಳ ಸುತ್ತ ಮಾತ್ರ ಬಿಟ್ಟು ಹರಡಿ, ತೀವ್ರವಾದ ತುರಿಕೆಯನ್ನುಂಟುಮಾಡಿ, ಹೆರಿಗೆಯ ನಂತರ ತಾನಾಗಿ ಅಡಗುವ ವ್ಯಾಧಿಯದು. ಪಾಲಿಮಾರ್ಫಿಕ್ ಎರಪ್ಷನ್ ಎಂದು ಅದನ್ನು ಕರೆಯುತ್ತಾರೆ. ಕಿಕ್ಕಿಸವೆಂದರೆ ಇದೇ ಎಂದು ಸಾಧಿಸುವುದು ಸಾಹಸದ ಮಾತಾದೀತು. ಆದರೆ ತುರಿಕೆ ಮತ್ತು ಗೆರೆಗಳನ್ನು ಒಂದೇ ಸರಪಳಿಯ ಕೊಂಡಿಗಳಾಗಿ ಕಂಡ ವೈದ್ಯನು ಇಂಥ ರೋಗಿಗಳನ್ನು ಕಣ್ಣಾರೆ ನೋಡಿದ್ದನೆಂದು ಊಹಿಸಲು ಅಡ್ಡಿಯಿಲ್ಲ.

ಚರಕನ ವಿಧಿಗಳು ಕನ್ನಡ ನಾಡಿಗೆ ಬಂದಾಗ ಹಾಗೆ ಹಾಗೆಯೇ ಉಳಿಯಲಿಲ್ಲ. ನಮ್ಮ ವೈದ್ಯಸಾಹಿತ್ಯದ ಒಂದು ಮುಖ್ಯ ಧಾರೆ ಜೈನರದು. ಸುಮಾರು 1150ರ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವು ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಔಷಧಗಳನ್ನು ಹೇಳುತ್ತದೆಂಬುದು ಸುವಿದಿತ. ಆ ಪರಂಪರೆಯಲ್ಲಿ ಜಿಂಕೆಯ ರಕ್ತಕ್ಕೆ ಎಡೆಯಿರಲಾರದು. ಆದರೆ ಮತಕ್ಕಿಂತಲೂ ಹೆಚ್ಚಾಗಿ ಚಿಕಿತ್ಸೆಯನ್ನು ನಿರ್ಧರಿಸಿದ್ದು ಯಾವ ವಸ್ತು ಯಾರ ಕೈಗೆ ಎಟುಕುತ್ತಿತ್ತು ಎಂಬುದೇ. ಇದಕ್ಕೆ ಪ್ರಕೃತ ಸೀಮೆಯೇ ಒಳ್ಳೆಯ ನಿದರ್ಶನ.

ಹಿಂದೆ ಕ್ಲೋಸ್‌ಪೇಟೆಯೆನಿಸಿದ್ದ ರಾಮನಗರ, ಕಾನಕಾನಹಳ್ಳಿಯೆನಿಸಿದ್ದ ಕನಕಪುರ, ಚನ್ನಪಟ್ಟಣ, ಮಾಗಡಿ ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಒಂದು ಜಿಲ್ಲೆಯಾದವು. ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರಿಡಲು 2025ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆಯಿತ್ತಿತು. ಇಲ್ಲಿಯ ಕುರುಚಲು ಕಾಡಿನಲ್ಲಿಯೂ ಹೊಲದ ಬದುಗಳ ಮೇಲೆಯೂ ಶ್ರೀಗಂಧ ತಾನಾಗಿ ಬೆಳೆಯುತ್ತದೆ. ಆದರೆ ಗಂಧವು ಮೈಸೂರು ಸಂಸ್ಥಾನದಲ್ಲಿ ರಾಜವೃಕ್ಷ. ಮರ ರೈತನ ಹೊಲದಲ್ಲಿದ್ದರೂ ಅದರ ಒಡೆತನ ಸರಕಾರದ್ದು. 2001ರ ಅರಣ್ಯ ಶಾಸನದ ತಿದ್ದುಪಡಿಯಿಂದಲೇ ಭೂಮಿಯ ಒಡೆಯನು ಅಲ್ಲಿನ ಗಂಧದ ಮರಕ್ಕೂ ಒಡೆಯನಾದದ್ದು. ದೇವರ ಮನೆಯ ಸಾಣೆಕಲ್ಲಿನ ಮೇಲೆ ತೇಯುವ ಕೊರಡೊಂದು ಇದ್ದಿರಬಹುದು. ತಿಂಗಳುಗಟ್ಟಲೆ ಹೊಟ್ಟೆಗೆ ಹಚ್ಚುವಷ್ಟು ಗಂಧವನ್ನು ಒಕ್ಕಲು ಮನೆಯ ಬಸುರಿಗೆ ಯಾರು ಕೊಡಬೇಕು? ಆದಕಾರಣ ಚರಕನ ಮೊದಲನೆಯ ಲೇಪವು ಈ ಹಳ್ಳಿಗಳ ಪಾಲಿಗೆ ಓದುವುದಕ್ಕೆ ಮಾತ್ರ ಉಳಿಯಿತೆನ್ನಬೇಕು.

ಎಟುಕುತ್ತಿದ್ದುದು ಹರಳೆಣ್ಣೆ. ರಾಗಿಯ ಹೊಲದಲ್ಲಿ ಅವರೆ, ಜೋಳ, ಹುಚ್ಚೆಳ್ಳುಗಳೊಡನೆ ಅಕ್ಕಡಿ ಸಾಲಿನಲ್ಲಿ ಹರಳನ್ನೂ ಹಾಕುವುದು ಹಳೆಯ ಮೈಸೂರಿನ ಪದ್ಧತಿ. 1800ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸಗ್ರಂಥದಲ್ಲಿ ಚನ್ನಪಟ್ಟಣದ ಉಕ್ಕಿನ ತಂತಿಯನ್ನು ವರ್ಣಿಸಿರುವಂತೆಯೇ ಮೈಸೂರು ಸೀಮೆಯ ಹರಳಿನ ಬೆಳೆಯನ್ನೂ ವರ್ಣಿಸಿದ್ದಾನೆ. ಬೀಜವನ್ನು ಹುರಿದು, ಒರಳಿನಲ್ಲಿ ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ತೆಗೆದು, ನೀರಿನ ಅಂಶ ಹೋಗುವವರೆಗೆ ಮತ್ತೆ ಕಾಯಿಸುವುದು ಮನೆಯ ಹೆಂಗಸರ ಕೆಲಸ. ಗಾಣದ ಎಣ್ಣೆಯಂತೆ ಇದಕ್ಕೆ ಕಾಸು ಕೊಡಬೇಕಾಗಿರಲಿಲ್ಲ. ಹರಳುಬೀಜದಲ್ಲಿರುವ ರಿಸಿನ್ ಎಂಬ ಘೋರ ವಿಷವು ಕಾಯಿಸಿದಾಗ ನಾಶವಾಗುತ್ತದೆ, ಎಣ್ಣೆಯಲ್ಲಿ ಕರಗುವುದೂ ಇಲ್ಲ; ಈ ರಸಾಯನಶಾಸ್ತ್ರವನ್ನು ಓದದೆಯೇ ಅವರು ಕುದಿಸುವ ಕ್ರಮವನ್ನು ತಪ್ಪದೆ ಪಾಲಿಸಿದರು. ಚೊಚ್ಚಲ ಬಸುರಿಗೆ ಸೀಮಂತ ಮಾಡಿ, ಮಡಿಲು ತುಂಬಿ, ತವರಿಗೆ ಕಳಿಸುವುದು ಸಾಮಾನ್ಯವಾಗಿ ಏಳನೆಯ ತಿಂಗಳಲ್ಲಿ ಅಥವಾ ಅದರ ಆಚೀಚೆ. ಚರಕನು ಕಿಕ್ಕಿಸವನ್ನು ಹೇಳುವುದೂ ಅದೇ ತಿಂಗಳಿನಲ್ಲಿ. ತಾಯಿಯೋ ಅಜ್ಜಿಯೋ ಬೆಚ್ಚಗಿನ ಎಣ್ಣೆಯನ್ನು ಹೊಟ್ಟೆಗೆ ಮೆಲ್ಲಗೆ ಸವರಿ, ಕೆರೆಯಬೇಡವೆಂದು ಗದರಿಸುವ ಮನೆಗೆ ಮಗಳು ಬಂದು ಸೇರುವುದು ಸರಿಯಾಗಿ ಆ ಹೊತ್ತಿಗೇ. ಗ್ರಂಥದ ಚಂದನ ಇಲ್ಲಿಗೆ ತಲುಪದಿದ್ದರೂ ಗ್ರಂಥದ ಕೊನೆಯ ಮಾತು ತಲುಪಿತ್ತು. ಹರಳೆಣ್ಣೆಯನ್ನು ಮೈಗೆ ಹಚ್ಚುವುದು ಬೇರೆ, ಕುಡಿಸುವುದು ಬೇರೆ ಎಂಬುದನ್ನು ಮಾತ್ರ ಇಲ್ಲಿ ಸೇರಿಸಬೇಕು: ಹೆರಿಗೆ ಬೇಗ ಆಗಲೆಂದು ಕುಡಿಸಿದರೆ ಭೇದಿ, ನಿರ್ಜಲತೆಗಳು ಉಂಟಾಗಿ ತಾಯಿಗೂ ಮಗುವಿಗೂ ಕೇಡಾಗಬಹುದು.

ಚನ್ನಪಟ್ಟಣವನ್ನು ಕುರಿತು ಒಂದು ಉಪಕಥೆಯುಂಟು. ಮೇಲೆ ಹೇಳಿದ ಲೇಪಗಳಲ್ಲೊಂದರಲ್ಲಿ ಕುಟಜ ಬಂದಿತಷ್ಟೆ. ನಿಘಂಟುಕಾರರು ಕುಟಜದಲ್ಲಿ ಗಂಡು, ಹೆಣ್ಣು ಎಂದು ಎರಡು ಬಗೆಗಳನ್ನು ಎಣಿಸುತ್ತಾರೆ. ಗಂಡು ಕುಟಜವೆಂದರೆ ನಮ್ಮ ಕೊಡಸಿಗ. ಅದರ ಬೀಜ ಕಹಿ. ಹೆಣ್ಣು ಕುಟಜವೆಂದು ಗುರುತಿಸಲಾಗಿರುವುದು ಆಲೆ ಮರ. ಅದರ ಬೀಜಕ್ಕೆ ಅಷ್ಟು ಕಹಿಯಿಲ್ಲ. ಎರಡೂ ಬೀಜಗಳು ಮಾರುಕಟ್ಟೆಯಲ್ಲಿ ಒಂದರ ಬದಲು ಒಂದಾಗಿ ಮಾರಾಟವಾಗುವುದು ಹಳೆಯ ದೂರು. ಈ ಆಲೆ ಮರದ ಬೆಳ್ಳನೆಯ ನುಣುಪಾದ ಕಟ್ಟಿಗೆಯನ್ನೇ ಚನ್ನಪಟ್ಟಣದ ಕುಶಲಕರ್ಮಿಗಳು ಚರಕಿಗೆ ಕೊಟ್ಟು ಕಡೆದು, ಬಣ್ಣದ ಅರಗನ್ನು ಹಿಡಿದು ಗೊಂಬೆ ಮಾಡುವುದು. ತಮಿಳುನಾಡಿನ ಸಿದ್ಧವೈದ್ಯರು ಇದರ ಎಲೆಯನ್ನು ಎಣ್ಣೆಯಲ್ಲಿ ಬಿಸಿಲಿಗಿಟ್ಟು ಹೊಪ್ಪಳೆಯೇಳುವ ಚರ್ಮರೋಗಗಳಿಗೆ ಹಚ್ಚುತ್ತಾರೆ. ಬಸಿರಿನ ಗೆರೆಗೆ ಅದು ಮದ್ದೆಂದು ಇದರಿಂದ ಸಿದ್ಧವಾಗುವುದಿಲ್ಲ. ಗೊಂಬೆಯ ಮರಕ್ಕೆ ಔಷಧದ ಚರಿತ್ರೆಯೂ ಒಂದಿದೆಯೆಂಬುದಷ್ಟೇ ಇಲ್ಲಿಯ ತಾತ್ಪರ್ಯ.

ರಾಮನಗರದ ರೇಷ್ಮೆಯ ವಿಷಯದಲ್ಲಿಯೂ ಇಂಥದೇ ಎಚ್ಚರ ಬೇಕು. ಗೂಡಿನ ನೂಲಿನಲ್ಲಿ ಕಾಲುಭಾಗದಷ್ಟಿರುವ ಸೆರಿಸಿನ್ ಎಂಬ ಅಂಟು ಚರ್ಮದ ತೇವವನ್ನು ಉಳಿಸುತ್ತದೆಂದು ಅದನ್ನು ಈಗ ಲೇಪನಗಳಲ್ಲಿ ಸೇರಿಸುತ್ತಾರೆ. ಆದರೆ ಬಿಸಿನೀರಿನ ಬಾಣಲೆಯಲ್ಲಿ ದಿನವೂ ಕೈಯದ್ದಿ ನೂಲು ಬಿಚ್ಚುವ ಹೆಂಗಸರ ಕೈಗಳು ನುಣುಪಾಗುವುದಿಲ್ಲ, ಬೆಂದು ಬಿರಿಯುತ್ತವೆ. ಸೊಬಗಿನ ಡಬ್ಬಿಯ ಮೇಲೆ ಈ ಸಂಗತಿಯನ್ನು ಅಚ್ಚುಹಾಕುವ ಪದ್ಧತಿಯಿಲ್ಲ.

ಪಾಶ್ಚಾತ್ಯ ವೈದ್ಯವು ಈ ಸೀಮೆಗೆ ಬಂದಾಗ ಗೆರೆಗಳು ಅದರ ಗಮನಕ್ಕೆ ಬೀಳಲಿಲ್ಲ, ಬೀಳದಿದ್ದುದು ಸಹಜ. 1930ರ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸರಕಾರವು ಕ್ಲೋಸ್‌ಪೇಟೆಯಲ್ಲಿ ಗ್ರಾಮಾಂತರ ಆರೋಗ್ಯ ಕೇಂದ್ರವನ್ನು ಸ್ಥಾಪಿಸಿದಾಗಲೂ, 1935ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ತೆರೆದಾಗಲೂ ಮುಂದಿದ್ದ ಪ್ರಶ್ನೆ ಬಾಣಂತಿ ಬದುಕುವಳೇ, ಕೂಸು ಉಳಿಯುವುದೇ ಎಂಬುದು. ಹೆರಿಗೆಯೆಂದರೆ ಮರುಹುಟ್ಟೆಂಬ ಭಯ ಕಡಮೆಯಾದ ಮೇಲೆಯೇ ಗೆರೆಗಳನ್ನು ಕುರಿತು ಚಿಂತಿಸುವ ಬಿಡುವು ಹೆಂಗಸಿಗೆ ದೊರೆತದ್ದು. ಆ ಚಿಂತೆಯನ್ನು ಕ್ಷುಲ್ಲಕವೆಂದು ನಗುವವರು ಇದನ್ನು ನೆನೆಯಬೇಕು.

ಗೆರೆಗಳ ಅಂಗರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಮೊದಲು ವರ್ಣಿಸಿದವರು ಫ್ರಾನ್ಸಿನ ಟ್ರ್ವಾಸಿಯೇ ಮತ್ತು ಮೆನೆಟ್ರಿಯೇ, 1889ರಲ್ಲಿ. ಮೇಲ್ಚರ್ಮದ ಕೆಳಗಿರುವ ಒಳಚರ್ಮದಲ್ಲಿ ಕೊಲಾಜೆನ್, ಎಲಾಸ್ಟಿನ್ ಎಂಬ ಎಳೆಗಳ ನೇಯ್ಗೆಯಿದ್ದು, ಮೈ ಬೇಗ ಹಿಗ್ಗುವುದರಿಂದಲೂ ಶರೀರದ ಸ್ರಾವಗಳ ಬದಲಾವಣೆಯಿಂದಲೂ ಆ ಎಳೆಗಳು ಕಡಿಯುತ್ತವೆ. ಮೊದಲು ಕೆಂಪಗೆ ಅಥವಾ ನಸುನೇರಿಳೆಯಾಗಿರುವ ಗೆರೆ ಕ್ರಮೇಣ ಬೆಳ್ಳಗಾಗಿ ಕುಗ್ಗುತ್ತದೆ. ಎಳೆಯ ವಯಸ್ಸಿನ ತಾಯಂದಿರಲ್ಲಿಯೂ, ತಾಯಿಗೆ ಅಕ್ಕನಿಗೆ ಗೆರೆಗಳಿದ್ದವರಲ್ಲಿಯೂ, ತೂಕ ಹೆಚ್ಚಿದವರಲ್ಲಿಯೂ ಇದು ಹೆಚ್ಚು. ಹರೆಯದಲ್ಲಿ ಸರಸರನೆ ಬೆಳೆಯುವ ಹುಡುಗರ ಬೆನ್ನು ತೊಡೆಗಳ ಮೇಲೂ ಕಾಣಿಸುವುದುಂಟು. ಕಡಿದ ಎಳೆಯು ಒಳಚರ್ಮದಲ್ಲಿರುವಾಗ ಮೇಲೆ ಸವರಿದ ಎಣ್ಣೆ ಅದನ್ನು ಹೆಣೆಯಲಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಗೆರೆ ಮೂಡದಂತೆ ತಡೆಯುವುದಾಗಿ ಹೇಳಿಕೊಳ್ಳುವ ಲೇಪನಗಳನ್ನು ಕುರಿತು, 800 ಹೆಂಗಸರನ್ನೊಳಗೊಂಡ 6 ಪರೀಕ್ಷೆಗಳನ್ನು ಒಟ್ಟಿಗೆ ತೂಗಿನೋಡಿ 2012ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು, ಅವುಗಳಿಂದ ಪ್ರಯೋಜನವಿದೆಯೆನ್ನಲು ಬಲವಾದ ಆಧಾರವಿಲ್ಲವೆಂದು ತೀರ್ಮಾನಿಸಿತು. ಲೆಬನಾನ್ ಮತ್ತು ಜಮೈಕಾಗಳಲ್ಲಿ ಪರೀಕ್ಷಿಸಿದ ಕೋಕೋ ಬೆಣ್ಣೆಯೂ ಗೆಲ್ಲಲಿಲ್ಲ. ಒಂದೆಲಗದ ಸಾರವಿರುವ ಲೇಪನಗಳಿಗೆ ಅಲ್ಪಸ್ವಲ್ಪ ಅನುಕೂಲದ ಸಾಕ್ಷ್ಯವಿದೆ. ಅದರ ಮೇಲೆ ದೊಡ್ಡ ಕಟ್ಟಡ ಕಟ್ಟಲಾಗದು. ಎಣ್ಣೆ ಚರ್ಮವನ್ನು ಮೆತ್ತಗಿಡುತ್ತದೆ, ತುರಿಕೆಯನ್ನು ತಗ್ಗಿಸುತ್ತದೆ. ಅಷ್ಟಕ್ಕೆ ಹರಳೆಣ್ಣೆ, ಕೊಬ್ಬರಿ ಎಣ್ಣೆ ಸಾಕು. ಬೆಲೆಬಾಳುವ ಸೀಸೆ ಬೇಡ.

ಹೆರಿಗೆಯ ತರುವಾಯ, ಗೆರೆ ಇನ್ನೂ ಕೆಂಪಗಿರುವಾಗ, ಟ್ರೆಟಿನಾಯಿನ್ ಎಂಬ ಮುಲಾಮು ಕೊಂಚ ಕೆಲಸಮಾಡುತ್ತದೆ. 1996ರ ಒಂದು ಪರೀಕ್ಷೆಯಲ್ಲಿ 24 ವಾರ ಹಚ್ಚಿದ ಮೇಲೆ ಗೆರೆಯ ಉದ್ದ ಶೇಕಡಾ 14ರಷ್ಟೂ ಅಗಲ ಶೇಕಡಾ 8ರಷ್ಟೂ ಕಡಮೆಯಾಯಿತು. ಇದಕ್ಕೆ ಕಡಮೆಯಾಯಿತೆನ್ನಬಹುದೇ ಹೊರತು ಹೋಯಿತೆನ್ನಲಾಗದು. ಬಸಿರಿನಲ್ಲಿ ಇದನ್ನು ಹಚ್ಚಲೇಬಾರದು. ಮೊಲೆಯೂಡಿಸುವವರು ವೈದ್ಯರನ್ನು ಕೇಳದೆ ಹಚ್ಚಬಾರದು. ಲೇಸರ್ ಕಿರಣಗಳ ಚಿಕಿತ್ಸೆಯೂ, ಸಣ್ಣ ಸೂಜಿಗಳಿಂದ ಚುಚ್ಚಿ ಚರ್ಮವು ಹೊಸ ಎಳೆಗಳನ್ನು ನೆಯ್ಯುವಂತೆ ಮಾಡುವ ಚಿಕಿತ್ಸೆಯೂ ಬೆಂಗಳೂರಿನಲ್ಲಿ ದೊರೆಯುತ್ತವೆ. ರಾಮನಗರದಿಂದ ಅದು ಸುಮಾರು 50 ಕಿಲೋಮೀಟರು. ಹಲವು ಸಲ ಹೋಗಬೇಕು, ಹಣವೂ ಹೆಚ್ಚು. ನಮ್ಮ ಕಡೆಯವರ ಕಂದು ಮೈಬಣ್ಣಕ್ಕೆ ಲೇಸರಿನಿಂದ ಕಪ್ಪು ಕಲೆ ಉಳಿಯುವ ಅಪಾಯ ಬಿಳಿಯರಿಗಿಂತ ಅಧಿಕ. ಸೂಜಿಯ ಕ್ರಮದಲ್ಲಿ ಆ ಅಪಾಯ ಕಡಮೆ. ಬೆಳ್ಳಗಾದ ಹಳೆಯ ಗೆರೆಗೆ ಯಾವುದರಿಂದಲೂ ದೊರೆಯುವ ಫಲ ಸ್ವಲ್ಪವೇ. ಏನೂ ಮಾಡದಿದ್ದರೂ ಅನೇಕರಲ್ಲಿ ಒಂದು ವರ್ಷದೊಳಗೆ ಬಣ್ಣ ಬಹುಮಟ್ಟಿಗೆ ಮಾಸುತ್ತದೆಂಬುದನ್ನು ಹಣ ಕಟ್ಟುವ ಮುನ್ನ ತಿಳಿದಿರುವುದು ಒಳ್ಳೆಯದು.

ಈಗ ಮೊದಲಿನಲ್ಲಿ ಸೂಚಿಸಿದ ಅಪಾಯದ ಮಾತಿಗೆ ಬರೋಣ. ಮೂತ್ರಪಿಂಡದ ಮೇಲಿನ ಗ್ರಂಥಿಯ ಸ್ರಾವ ಅತಿಯಾದವರಲ್ಲಿ ಅಗಲವಾದ ನೇರಿಳೆ ಗೆರೆಗಳು ಮೂಡುವುದನ್ನು ಹಾರ್ವೆ ಕುಶಿಂಗ್ 1932ರಲ್ಲಿ ವರ್ಣಿಸಿದನು. ಆ ಸ್ರಾವದ ಜಾತಿಗೇ ಸೇರಿದ ಸ್ಟಿರಾಯ್ಡ್ ಔಷಧವನ್ನು ಚರ್ಮದ ಮೇಲೆ ಹಚ್ಚಿ ಗುಣ ಕಂಡದ್ದು 1952ರಲ್ಲಿ. ತುರಿಕೆಗೆ ಅದರಷ್ಟು ಬೇಗ ಶಮನ ನೀಡುವ ವಸ್ತು ಮತ್ತೊಂದಿಲ್ಲ. ಅದರ ಜನಪ್ರಿಯತೆಗೂ ಕೇಡಿಗೂ ಅದೇ ಕಾರಣ. ಪ್ರಬಲವಾದ ಸ್ಟಿರಾಯ್ಡ್ ಮುಲಾಮನ್ನು ಬಹುದಿನ ಹಚ್ಚಿದರೆ ಒಳಚರ್ಮ ತೆಳುವಾಗಿ, ಎಳೆ ಕಡಿದು, ಬಸಿರಿಲ್ಲದೆಯೇ ಗೆರೆಗಳು ಮೂಡುತ್ತವೆ. ತೊಡೆಯ ಸಂದು, ಕಂಕುಳುಗಳಲ್ಲಂತೂ ಬಹು ಬೇಗ. ಗಜಕರ್ಣಕ್ಕೆಂದೂ ಮುಖ ಬೆಳ್ಳಗಾಗಲೆಂದೂ ಇಂಥ ಕೊಳವೆಗಳು ನಮ್ಮ ದೇಶದಲ್ಲಿ ಬಹುಕಾಲ ಚೀಟಿಯಿಲ್ಲದೆ ಮಾರಾಟವಾದುವು. ಚರ್ಮವೈದ್ಯರ ಸಂಘವು ಒತ್ತಾಯ ಮಾಡಿದ ಮೇಲೆ 2018ರಲ್ಲಿ ಕೇಂದ್ರ ಸರಕಾರವು 14 ಬಗೆಯ ಸ್ಟಿರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಕಾನೂನು ಬಂದೊಡನೆ ಅಭ್ಯಾಸ ಹೋಗುವುದಿಲ್ಲವೆಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಗಳು ಬೇಕಾದಷ್ಟಿವೆ. ಮನೆಯಲ್ಲಿ ಗಂಡನ ಗಜಕರ್ಣಕ್ಕೆಂದು ತಂದ ಕೊಳವೆ ಇರುತ್ತದೆ. ಏಳು ತಿಂಗಳ ಬಸುರಿಗೆ ಹೊಟ್ಟೆ ತುರಿಸುತ್ತದೆ. ಹಚ್ಚಿದ ರಾತ್ರಿಯೇ ತುರಿಕೆ ನಿಲ್ಲುತ್ತದೆ. ಮರುದಿನವೂ ಹಚ್ಚುತ್ತಾಳೆ. ಅದಾಗಲೇ ಹಿಗ್ಗಿ ನೊಂದ ಚರ್ಮದ ಮೇಲೆ ಅದು ಗೆರೆಗಳನ್ನು ಹೆಚ್ಚಿಸುತ್ತದೆ. ಪ್ರಬಲವಾದದ್ದನ್ನು ಬಹುವಾಗಿ ಬಳಸಿದರೆ ಮಗುವಿನ ತೂಕ ಕಡಮೆಯಾಗುವ ಸಂಭವವೂ ಉಂಟು. ವೈದ್ಯರು ನೋಡಿ, ಸೌಮ್ಯವಾದದ್ದನ್ನು ಕೆಲವು ದಿನಗಳ ಮಟ್ಟಿಗೆ ಬರೆದುಕೊಡುವುದು ಬೇರೆಯ ವಿಷಯ. ಮೇಲೆ ಹೇಳಿದ ಗುಳ್ಳೆಯ ವ್ಯಾಧಿಗೆ ಅವರು ಹಾಗೆ ಕೊಡುವುದುಂಟು.

ಮನೆಯ ಹಿರಿಯರು ನೆನಪಿಡತಕ್ಕ ಮತ್ತೊಂದು ವ್ಯತ್ಯಾಸವಿದೆ. ಗೆರೆಗಳಿರುವೆಡೆಯ ತುರಿಕೆ ಎಣ್ಣೆಗೆ ಸಮಾಧಾನವಾಗುತ್ತದೆ. ಗುಳ್ಳೆಯೇನೂ ಇಲ್ಲದೆ ಅಂಗೈ ಅಂಗಾಲುಗಳು ರಾತ್ರಿಯೆಲ್ಲ ತುರಿಸುತ್ತಿದ್ದರೆ ಅದು ಪಿತ್ತರಸವು ರಕ್ತದಲ್ಲಿ ಸೇರುವ ಯಕೃತ್ತಿನ ತೊಂದರೆಯಾಗಿರಬಹುದು. ಹೊಟ್ಟೆಯಲ್ಲಿರುವ ಕೂಸಿಗೆ ಅದರಿಂದ ಪ್ರಾಣಾಪಾಯವುಂಟು. ಅಂಥವಳನ್ನು ಹರಳೆಣ್ಣೆಯ ಬಟ್ಟಲಿನ ಮುಂದೆ ಕೂರಿಸದೆ ಅಂದೇ ಆಸ್ಪತ್ರೆಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಬೇಕು.